ಅಂಬಾರಿ ಏರಿದ ಆಂಟೆನಾ

ತಿರುಮಲೇಶ ಒಂದು ಆಂಟೆನಾ ಮಾಡಿದ್ದ. ಆಂಟೆನಾ ಅಂದಕೂಡಲೇ ತಾರಸಿಯ ಮೇಲೆ ಕಾಗೆ ಕೂರುವ ಅಲ್ಯೂಮಿನಿಯಂ ಕಡ್ಡಿಗಳನ್ನು ನೆನೆಸಿಕೊಳ್ಳಬೇಡಿ. ಇದು ಗೋಡಂಬಿಗಿಂತ ಚಿಕ್ಕದು. ಪಕ್ಕದಲ್ಲಿ ಕೂತು ಕೆಮ್ಮಿದರೆ ಕಾರ್ಪೆಟ್ಟಿನಲ್ಲಿ ಹುಡುಕಬೇಕು, ಸೀನಿದರೆ ಪಕ್ಕದ ಊರಿನಲ್ಲಿ ಹುಡುಕಬೇಕು. ಅದರ ಮೈಮೇಲೆ ತಾಮ್ರದ ರಂಗೋಲಿ ಕೊರೆದಿತ್ತು. ಅದೂ ಎಂಥ ರಂಗೋಲಿ, ಇರುವೆ ತನ್ನ ಮನೆ ಬಾಗಿಲಿಗೆ ತಾನೇ ಹಾಕಿಕೊಂಡಷ್ಟು ಸಣ್ಣದು. ಇದಕ್ಕೆ ಮೆಟಾಮೆಟೀರಿಯಲ್ಲು ಎಂದು ಹೆಸರು. ಬರಿಯ ತಾಮ್ರಕ್ಕೆ ಹುಟ್ಟಿನಿಂದ ಬಾರದ ಗುಣ ಈ ರಂಗೋಲಿಯಿಂದ ಬರುತ್ತದೆ, ಹಾಗಾಗಿ ಗೇಣುದ್ದದ ಆಂಟೆನಾ ಮಾಡುವ ಕೆಲಸವನ್ನು ಈ ಚೂರು ಮಾಡುತ್ತದೆ ಎಂದು ತಿರುಮಲೇಶ ಅಮೆರಿಕದಲ್ಲಿ ತಾನಿದ್ದ ಎವರ್‌ಗ್ರೀನ್ ಬಡಾವಣೆಯಲ್ಲಿ ಊಟಕ್ಕೆ ಕರೆದ ಪ್ರತಿಯೊಂದು ಮನೆಯಲ್ಲೂ ವಿವರಿಸಿದ್ದ. ಕೇಳಿದವರೆಲ್ಲ ಭಕ್ತಿಯಿಂದ ತಲೆಯಾಡಿಸಿ, ಕೈ ತೊಳೆದು ಬಂದ ಮೇಲೆ, ನಮ್ಮ ಮಹಡಿ ರೂಮಿನಲ್ಲಿ ವೈಫೈ ಸರಿಯಾಗಿ ಬರುತ್ತಿಲ್ಲ, ಒಂದು ಸಲ ನೋಡಿಬಿಡುತ್ತೀರಾ ಎಂದು ಕೇಳಿದ್ದರು.

ಅದಕ್ಕೇ ಈ ಸಲದ ನವರಾತ್ರಿಯಲ್ಲಿ ಊರಿಗೆಲ್ಲ ತಾನು ಯಾರೆಂದು ತೋರಿಸಿಯೇಬಿಡುವುದು ಎಂದು ಅವನು ತೀರ್ಮಾನಿಸಿದ.

ತೋರಿಸಲು ಕಾರಣವೂ ಇತ್ತು. ವಿಜಯದಶಮಿಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಮೆನ್ಲೋ ಪಾರ್ಕ್ ಎಂಬ ಹತ್ತಿರದ ಊರಿನ ಒಂದು ದೊಡ್ಡ ಕಂಪನಿಯಲ್ಲಿ ಆ ಆಂಟೆನಾದ ಪರೀಕ್ಷೆ. ಎದೆಗೆ ಅಂಟಿಸಿಕೊಂಡರೆ ಹೃದಯದ ಬಡಿತವನ್ನು ಡಾಕ್ಟರಿಗೆ ಕಳಿಸುವ ಪಟ್ಟಿಯೊಂದನ್ನು ಆ ಕಂಪನಿಯವರು ಮಾಡುತ್ತಿದ್ದರು. ಅದರೊಳಗೆ ಹಿಡಿಸುವ ಆಂಟೆನಾ ಬೇಕಾಗಿತ್ತು. ಅವರು ಒಪ್ಪಿದರೆ ತಿರುಮಲೇಶನ ಪುಟ್ಟ ಕಂಪನಿ ಉಳಿಯುತ್ತದೆ. ಒಪ್ಪದಿದ್ದರೆ ಶುಕ್ರವಾರ ಬೀಗ. ಪರೀಕ್ಷೆಗೆ ಉಳಿದಿದ್ದದ್ದು ಒಂದೇ ಒಂದು ಚೂರು. ಅದರ ಅಣ್ಣತಮ್ಮಂದಿರೆಲ್ಲ ಪ್ರಯೋಗದಲ್ಲಿ ಸುಟ್ಟು ಸ್ವರ್ಗ ಸೇರಿದ್ದವು. ಇಂಥದ್ದನ್ನು ಬುದ್ಧಿ ಇರುವವನು ಆಫೀಸಿನ ಕಪಾಟಿನಲ್ಲಿ ಬೀಗ ಹಾಕಿ ಇಡುತ್ತಾನೆ. ತಿರುಮಲೇಶ ಮಹಾನವಮಿಯ ಮಧ್ಯಾಹ್ನ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಮನೆಗೆ ತಂದ.

ಮನೆಯಲ್ಲಿ ಗೊಂಬೆ ಕೂರಿಸಿದ್ದರು. ಹೆಂಡತಿ ಮೈಥಿಲಿಯ ತಾಯಿ ಅಲಮೇಲಮ್ಮ ಅದಕ್ಕೆಂದೇ ಮೈಸೂರಿನಿಂದ ಬಂದಿದ್ದರು. ಪುಸ್ತಕದ ಶೆಲ್ಫುಗಳನ್ನೇ ಮೆಟ್ಟಿಲಾಗಿ ಜೋಡಿಸಿ, ಮೇಲೆ ರಾಜ ರಾಣಿಯ ಜೋಡಿ ಪಟ್ಟದ ಗೊಂಬೆ, ಅದರ ಮುಂದೆ ಒಂದು ಮಣೆ, ಮಣೆಯ ಮೇಲೆ ತಾಮ್ರದ ಕಲಶ, ಅದರ ತುಂಬ ನೀರು. ಅಲಮೇಲಮ್ಮ ಅಳಿಯನನ್ನು ಬಹುವಚನದಲ್ಲಲ್ಲದೆ ಮಾತಾಡಿಸಿದವರೇ ಅಲ್ಲ. ಆ ಬಹುವಚನ ಎಷ್ಟು ಮೃದುವೋ ಅಷ್ಟೇ ಗಟ್ಟಿ. ಹೂವಿನ ಕೆಳಗೆ ಕಬ್ಬಿಣದ ಗೇಟು ಇಟ್ಟ ಹಾಗೆ.

ತಿರುಮಲೇಶ ಆಂಟೆನಾವನ್ನು ಬೆಳ್ಳಿಯ ಬಟ್ಟಲಿನ ಮುಚ್ಚಳದಲ್ಲಿಟ್ಟು ಕಲಶಕ್ಕೆ ಒತ್ತಿಕೊಂಡ ಹಾಗೆ ಮಣೆಯ ಮೇಲೆ ಇರಿಸಿದ. ಆಯುಧಪೂಜೆ ಅಲ್ಲವೇ, ಇದೇ ನನ್ನ ಆಯುಧ ಎಂದ. ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಇನ್ನೊಂದು ಮಾತು ಸೇರಿಸಿದ.

“ಅತ್ತೆ, ಸುಮ್ನೆ ಒಂದು ಹೂವಿಟ್ಟು ಮುಗಿಸ್ಬೇಡಿ. ಕಾರಿಗೆ ನಿಂಬೆಹಣ್ಣು ಇಟ್ಟ ಹಾಗಲ್ಲ ಇದು. ಎಲ್ಲಾ ವಿಧಿವತ್ತಾಗಿ ಆಗ್ಲಿ.”

ಅಲಮೇಲಮ್ಮನಿಗೆ ಅಳಿಯನ ಮೇಲೆ ಆ ಗಳಿಗೆಯಲ್ಲಿ ಹುಟ್ಟಿದ ಗೌರವ ಮದುವೆಯ ದಿನವೂ ಹುಟ್ಟಿರಲಿಲ್ಲ. ವಿಧಿವತ್ತಾಗಿ ಎಂದರೆ ವಿಧಿವತ್ತಾಗಿ. ಅರ್ಘ್ಯ, ಪಾದ್ಯ, ಗಂಧ, ಅಕ್ಷತೆ, ಅರಿಶಿನ, ಕುಂಕುಮ. ಗೋಡಂಬಿಯಷ್ಟಿಲ್ಲದ ವಸ್ತುವಿಗೆ ದೇವಸ್ಥಾನದ ತೇರಿಗೆ ಆಗುವಷ್ಟು ಪೂಜೆ ಆಯಿತು. ಸಂಜೆ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರೆಲ್ಲ ಬಗ್ಗಿ ನೋಡಿ, ಕನ್ನಡಕ ಹಾಕಿ ನೋಡಿ, ಫೋನಿನಲ್ಲಿ ದೊಡ್ಡದು ಮಾಡಿ ನೋಡಿ ಕೈಮುಗಿದರು. ಒಬ್ಬರೂ ವೈಫೈ ಮಾತೆತ್ತಲಿಲ್ಲ. ತಿರುಮಲೇಶ ಎರಡಡಿ ಎತ್ತರವಾದ. ಕೊನೆಗೆ, ಇನ್ನು ಇದನ್ನು ಜೋಪಾನವಾಗಿ ಎತ್ತಿಡೋಣ ಎಂದು ಎಲ್ಲರೆದುರಿಗೇ ಸಣ್ಣ ಚಿಮಟ ಹಿಡಿದು ಮಣೆಯ ಕಡೆಗೆ ಕೈ ಚಾಚಿದ.

“ಅಳಿಯಂದ್ರೇ,” ಎಂದರು ಅಲಮೇಲಮ್ಮ, “ಕೈ.”

ಕೈ ಅಲ್ಲೇ ನಿಂತಿತು.

“ವಿಧಿವತ್ತಾಗಿ ಅಂದ್ರಿ. ಆವಾಹನೆ ಆಗಿದೆ. ನಾಳೆ ಸಾಯಂಕಾಲ ಆರತಿ ಆಗಿ, ಪಟ್ಟದ ಗೊಂಬೆ ಮಲಗಿಸಿದ ಮೇಲೆ ಧಾರಾಳವಾಗಿ ತಗೊಳ್ಳಿ. ನಿಮ್ಮ ವಸ್ತು, ಯಾರು ಬೇಡ ಅಂತಾರೆ?”

ತಿರುಮಲೇಶನಿಗೆ ಮೊದಲು ನಗು ಬಂತು. ಆಮೇಲೆ ಬೆವರು ಬಂತು. ನಾಳೆ ಬೆಳಿಗ್ಗೆಯೇ ಪರೀಕ್ಷೆ ಎಂದ. ಕಂಪನಿ ಮುಚ್ಚಿಹೋಗುತ್ತದೆ ಎಂದ. ಅಲಮೇಲಮ್ಮ ಎಲ್ಲವನ್ನೂ ಕೇಳಿ ಪಾಪ ಎಂದರು, ಇನ್ನೊಂದು ಸೌಟು ಕೋಸಂಬರಿ ಹಾಕಿದರು. ಬೆಳಿಗ್ಗೆ ತಾನೇ ಕಾರಿಗೂ ಪೂಜೆ ಆಯಿತಲ್ಲ, ಅದನ್ನು ಓಡಿಸಿಕೊಂಡು ಅಂಗಡಿಗೆ ಹೋಗಿ ಬಂದೆನಲ್ಲ ಎಂದು ಅವನು ವಕೀಲನ ಹಾಗೆ ಪಾಯಿಂಟು ಹಾಕಿದ.

“ಕಾರನ್ನ ತಂದು ಕಲಶದ ಪಕ್ಕ ನಿಲ್ಲಿಸಿದ್ರೆ, ಅದೂ ಎದ್ದು ಹೋಗ್ತಿರ್ಲಿಲ್ಲ,” ಎಂದರು ಅಲಮೇಲಮ್ಮ.

ಪಕ್ಕದ ಮನೆಯ ಕಮಲವ್ವ ಹುಬ್ಬಳ್ಳಿಯವರು, ನ್ಯಾಯ ಎಲ್ಲಿದೆಯೋ ಅಲ್ಲಿಗೆ ಕುರ್ಚಿ ಎಳೆದುಕೊಂಡು ಬರುವವರು. ತಿರುಮಲೇಶ ಆಸೆಯಿಂದ ಅವರ ಕಡೆ ನೋಡಿದ. ನಿಮ್ಮ ಕಡೆ ಇಷ್ಟೆಲ್ಲ ಕಟ್ಟುನಿಟ್ಟು ಇಲ್ಲ ಅಲ್ಲವೇ ಎಂದು ಕೇಳಿದ.

“ನಮ್ಮ ಕಡೆ ಇನ್ನೂ ಬಿಗಿ ಐತಿ ತಮ್ಮಾ,” ಎಂದರು ಕಮಲವ್ವ. “ಖಂಡೇಪೂಜಾಕ್ಕ ಇಟ್ಟ ಹತಾರ ಎತ್ತಿದ್ರ, ಅದು ಮುಂದ ನಿನ್ನ ಮಾತು ಕೇಳಂಗಿಲ್ಲ.”

ತಮ್ಮ ಮೈದುನನೊಬ್ಬ ಹೀಗೆ ಆಯುಧಪೂಜೆಯ ನಡುವೆ ಎತ್ತಿದ ಕುಡುಗೋಲು ಇವತ್ತಿಗೂ ಒಂದು ಕಡ್ಡಿ ಹುಲ್ಲು ಕೊಯ್ದಿಲ್ಲವೆಂದೂ, ಅದನ್ನು ಕಂಡರೆ ಹುಲ್ಲೇ ನಗುತ್ತದೆಂದೂ ಅವರು ವರ್ಣಿಸಿದರು. ಕೋಣೆಯಲ್ಲಿದ್ದ ಹೆಂಗಸರೆಲ್ಲ ಹೌದು ಹೌದು ಎಂದರು. ಮೈಲಿಗಟ್ಟಲೆ ದೂರದ ಡಾಕ್ಟರಿಗೆ ಎದೆಬಡಿತ ಮುಟ್ಟಿಸಬಲ್ಲ ಆಂಟೆನಾ ಕಟ್ಟಿದ ಮನುಷ್ಯನಿಗೆ ಒಂದು ಮೊಳ ದೂರದ ಬೆಳ್ಳಿ ಮುಚ್ಚಳ ಎಟುಕಲಿಲ್ಲ.

ಅವನು ಹೆಂಡತಿಯ ಕಡೆ ತಿರುಗಿದ. ಮೈಥಿಲಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಸರ್ಕಾರ ಅಲ್ಲದವರು, ಒಂದೇ ದೇಶಕ್ಕೆ ಸೇರಿಯೂ ಇಲ್ಲದವರು, ಪೊಲೀಸಿಲ್ಲ ಕೋರ್ಟಿಲ್ಲ, ಆದರೂ ಹತ್ತು ದೇಶದ ಜನ ಅವರು ಹಾಕಿದ ಗೆರೆ ದಾಟುವುದಿಲ್ಲ, ಅಂಥ ಖಾಸಗಿಯವರು ಯಾರು, ಅವರ ಮಾತು ನಡೆಯುವುದು ಹೇಗೆ ಎಂಬುದು ಅವಳ ವಿಷಯ. ದೊಡ್ಡ ದೊಡ್ಡ ಕಂಪನಿಗಳು, ಅಳತೆ ತೂಕ ಗೊತ್ತುಮಾಡುವ ಸಂಘಗಳು, ಎಲ್ಲದರ ಬಗ್ಗೆ ಓದಿ ಓದಿ ಅವಳ ಕಣ್ಣುಗಳು ಒಳಗೆ ಹೋಗಿದ್ದವು. ಇದೆಲ್ಲ ಎಲ್ಲರೂ ಬರೆದದ್ದೇ, ಹೊಸದೊಂದು ತಾ ಎಂದು ಪ್ರೊಫೆಸರು ಅವಳನ್ನು ಹಿಂದಕ್ಕೆ ಕಳಿಸುತ್ತಲೇ ಇದ್ದರು. ಗಂಡನ ಮುಖ ನೋಡಿ ಅವಳಿಗೆ ಕರುಣೆ ಬಂತು. ಬೇರೆ ಯಾರನ್ನಾದರೂ ಕೇಳಿ ನೋಡು ಎಂದು ಅಮ್ಮನಿಗೆ ಹೇಳಿದಳು.

ಅಲಮೇಲಮ್ಮ ಆಗಲಿ ಎಂದು ಫೋನು ತೆಗೆದು, ‘ಹಬ್ಬ ಹರಿದಿನ’ ಎಂಬ ವಾಟ್ಸಾಪ್ ಗುಂಪಿನಲ್ಲಿ ವಿಷಯ ಇಟ್ಟರು.

ಆ ಗುಂಪಿಗೆ ಅಧ್ಯಕ್ಷರಿಲ್ಲ. ಚುನಾವಣೆ ಇಲ್ಲ. ಆದರೆ ಭೂಮಿಯ ಮೇಲೆ ಎಲ್ಲೆಲ್ಲಿ ಈ ಬಳಗದವರು ಮನೆ ಮಾಡಿದ್ದಾರೋ ಅಲ್ಲೆಲ್ಲ ಈ ಗುಂಪನ್ನು ಕೇಳದೆ ಒಂದು ತೆಂಗಿನಕಾಯಿ ಒಡೆಯುವುದಿಲ್ಲ. ಮೈಸೂರಿನ ಚೂಡಮ್ಮ, ಹ್ಯೂಸ್ಟನ್ನಿನ ವಕುಳಮ್ಮ, ಇನ್ನು ಲಂಡನ್ನು, ಮೆಲ್ಬೋರ್ನುಗಳಲ್ಲಿ ಹರಡಿದ ಅತ್ತೆ ಚಿಕ್ಕಮ್ಮಂದಿರು. ವಿಷಯ ಇಟ್ಟದ್ದೇ ತಡ, ಫೋನು ಬಿಸಿ ಕಾವಲಿಗೆ ಬಿದ್ದ ಸಾಸಿವೆಯ ಹಾಗೆ ಸಿಡಿಯತೊಡಗಿತು.

ನಮ್ಮಲ್ಲಿ ಆಗಲೇ ದಶಮಿ, ಮಧ್ಯಾಹ್ನವಾಯಿತು, ಧಾರಾಳವಾಗಿ ಎತ್ತಬಹುದು ಎಂದಿತು ಮೆಲ್ಬೋರ್ನು. ತಿರುಮಲೇಶ ಕುರ್ಚಿಯಿಂದ ಎದ್ದ. ನಿಮ್ಮಲ್ಲಿ ದಶಮಿಯಾದರೆ ನಿಮ್ಮ ಕಲಶ ಎತ್ತಿ, ಅಮೆರಿಕದ ಸೂರ್ಯ ಇನ್ನೂ ನವಮಿಯಲ್ಲೇ ಇದ್ದಾನೆ ಎಂದಿತು ಹ್ಯೂಸ್ಟನ್ನು. ತಿರುಮಲೇಶ ಕೂತ. ಪೂಜೆ ಹೇಳಿಕೊಟ್ಟದ್ದು ಮೈಸೂರು, ಆದ್ದರಿಂದ ಗಡಿಯಾರವೂ ಮೈಸೂರಿನದೇ ಎಂದು ಲಂಡನ್ನು ನಿದ್ದೆಗಣ್ಣಿನಲ್ಲೇ ಬರೆಯಿತು. ತಿರುಮಲೇಶ ಅರ್ಧ ಎದ್ದು ಹಾಗೇ ನಿಂತ.

ಇತ್ತ ಮೈಥಿಲಿಯ ಒಳಗೆ ಹೋಗಿದ್ದ ಕಣ್ಣುಗಳು ಹೊರಗೆ ಬಂದಿದ್ದವು. ಯಾವ ನೆಲದ ಕಾನೂನು ಯಾವ ನೆಲದಲ್ಲಿ ನಡೆಯುತ್ತದೆ ಎಂದು ಅವಳು ವರ್ಷಗಟ್ಟಲೆ ಹುಡುಕಿದ ಜಗಳ ಅವಳಮ್ಮನ ಅಂಗೈಯಲ್ಲಿ ನಡೆಯುತ್ತಿತ್ತು.

“ಅಮ್ಮ, ಇವ್ರ ಮಾತು ಕೇಳದೇ ಇದ್ರೆ ಏನಾಗುತ್ತೆ?”

“ಏನೂ ಆಗಲ್ಲ.”

“ದಂಡ? ಗುಂಪಿಂದ ತೆಗೀತಾರಾ?”

“ಛೆ, ಯಾರನ್ನ ಯಾಕೆ ತೆಗೀತಾರೆ?”

“ಮತ್ತೆ ಯಾಕೆ ಎಲ್ರೂ ಕೇಳ್ತಾರೆ?”

“ಕೇಳದೇ ಇರಕ್ಕಾಗುತ್ತೇನೇ?” ಎಂದರು ಅಲಮೇಲಮ್ಮ, ಮಗಳಿಗೆ ಜ್ವರ ಬಂದಿದೆಯೇ ಎಂದು ನೋಡುವ ಹಾಗೆ ನೋಡಿ.

ಮೈಥಿಲಿ ಅಮ್ಮನನ್ನು ತಬ್ಬಿಕೊಂಡಳು. ಗಂಡನ ಕಂಪನಿ ಮುಳುಗುತ್ತಿರುವುದು ಸದ್ಯಕ್ಕೆ ಅವಳಿಗೆ ಮರೆತೇಹೋಯಿತು.

ಕೊನೆಗೆ ಮೈಸೂರಿನಿಂದ ಚೂಡಮ್ಮನ ಧ್ವನಿ ಬಂತು. ಬಂದದ್ದೇ ಉಳಿದ ದೇಶಗಳೆಲ್ಲ ಬಾಯಿ ಮುಚ್ಚಿದವು. “ಇವತ್ತು ನಮ್ಮೂರಲ್ಲಿ ಅಮ್ಮನವರೇ ಅಂಬಾರಿ ಮೇಲೆ ಹೊರಡ್ತಾ ಇದಾರೆ. ಆ ಮೂರ್ತಿನ ಒಂಟಿಯಾಗಿ ಚೀಲದಲ್ಲಿ ಹಾಕ್ಕೊಂಡು ಹೋಗ್ತಾರೇನಮ್ಮ? ಹೋಗೋದು ಬೇಡ ಅನ್ನಲ್ಲ. ಇಟ್ಟ ಮಣೆ ಸಮೇತ, ಕಲಶ ಸಮೇತ, ಪಟ್ಟದ ಗೊಂಬೆ ಸಮೇತ, ಪೂಜೆ ಮಾಡಿದವರ ಸಮೇತ ಹೋಗ್ಲಿ. ಮಣೆಯಿಂದ ಮಾತ್ರ ಕದಲಿಸ್ಬೇಡಿ.”

ದಶಮಿಯ ದಿನ ಊರ ಸೀಮೆ ದಾಟುವುದು ತಮ್ಮ ಕಡೆಯ ಪದ್ಧತಿಯೇ, ತಾವೂ ಬರುವುದಾಗಿ ಕಮಲವ್ವ ಹೇಳಿದರು. ಅವರನ್ನು ಯಾರೂ ಕರೆದಿರಲಿಲ್ಲ.

ಹೀಗೆ ಮರುದಿನ ಬೆಳಿಗ್ಗೆ ಎವರ್‌ಗ್ರೀನಿನಿಂದ ಜಂಬೂಸವಾರಿ ಹೊರಟಿತು. ಆನೆಯ ಜಾಗದಲ್ಲಿ ಮಿನಿವ್ಯಾನು. ನಡುವಿನ ಸೀಟಿನಲ್ಲಿ ಮಣೆ, ಅದರ ಮೇಲೆ ಸೀಟ್‌ಬೆಲ್ಟು ಕಟ್ಟಿಕೊಂಡ ಕಲಶ, ಅದಕ್ಕೆ ಒತ್ತಿಕೊಂಡು ಬೆಳ್ಳಿ ಮುಚ್ಚಳದಲ್ಲಿ ಆಂಟೆನಾ. ಆಚೀಚೆ ರೇಷ್ಮೆ ಸೀರೆಯಲ್ಲಿ ಅಲಮೇಲಮ್ಮ, ತೊಡೆಯ ಮೇಲೆ ಪಟ್ಟದ ಗೊಂಬೆ ಹಿಡಿದ ಕಮಲವ್ವ. ಮುಂದೆ ಮೈಥಿಲಿ, ಹಿಂದಕ್ಕೆ ತಿರುಗಿ ಕೂತು ಪ್ರಶ್ನೆ ಕೇಳುತ್ತ. ಫ್ರೀವೇಯಲ್ಲಿ ಲೋಕವೆಲ್ಲ ಗಾಳಿಯ ಹಾಗೆ ಹೋಗುತ್ತಿದ್ದರೆ ತಿರುಮಲೇಶ ನೀರು ತುಳುಕಬಾರದೆಂದು ಆನೆಯ ನಡಿಗೆಯಲ್ಲೇ ಹೋದ. ಹಿಂದಿನಿಂದ ಹಾರ್ನು ಹೊಡೆದವರಿಗೆಲ್ಲ ಅಲಮೇಲಮ್ಮ ಕೈಯೆತ್ತಿ ಆಶೀರ್ವಾದ ಮಾಡಿದರು. ಒಬ್ಬ ಲಾರಿಯವನು ಹೆದರಿ ಮುಂದಿನ ಎಕ್ಸಿಟ್ಟಿನಲ್ಲೇ ಇಳಿದುಬಿಟ್ಟ.

ದಾರಿಯುದ್ದಕ್ಕೂ ತಿರುಮಲೇಶನನ್ನು ಕಾಡಿದ್ದು ಬೇರೆಯೇ ಭಯ. ಆಂಟೆನಾಕ್ಕೆ ಪಕ್ಕದಲ್ಲಿ ಬೇರೆ ಲೋಹ ಆಗದು, ನೀರು ಮೊದಲೇ ಆಗದು. ಪರೀಕ್ಷೆಗೆ ತರುವವರೆಲ್ಲ ಅದನ್ನು ಹತ್ತಿರ ಏನೂ ಇಲ್ಲದ ಹಾಗೆ ಹಗುರ ಫೋಮಿನ ಮೇಲೆ, ಹೂವಿನಂತೆ, ಒಂಟಿಯಾಗಿ ಇಡುತ್ತಾರೆ. ಇವನದು ಬೆಳ್ಳಿ ಮುಚ್ಚಳದಲ್ಲಿ, ನೀರು ತುಂಬಿದ ತಾಮ್ರದ ಚೊಂಬಿಗೆ ಅಂಟಿಕೊಂಡು ಕೂತಿತ್ತು. ತನ್ನ ರಂಗೋಲಿ ಲೋಹಕ್ಕೂ ನೀರಿಗೂ ಜಗ್ಗುವುದಿಲ್ಲವೆಂದು ಅವನು ಕಾಗದದ ಮೇಲೆ ಲೆಕ್ಕ ಹಾಕಿದ್ದೇನೋ ಹೌದು. ಪರೀಕ್ಷೆ ಮಾಡಿ ನೋಡುವ ಧೈರ್ಯ ಮಾತ್ರ ಮಾಡಿರಲಿಲ್ಲ.

ಕಂಪನಿಯ ಬಾಗಿಲಲ್ಲಿ ಸೆಕ್ಯುರಿಟಿಯವನು ಮೊದಲು ಸೀರೆಗಳನ್ನು ನೋಡಿದ, ಆಮೇಲೆ ಗೊಂಬೆಗಳನ್ನು ನೋಡಿದ, ಆಮೇಲೆ ಮಾವಿನ ಎಲೆ ಕಟ್ಟಿದ ಚೊಂಬನ್ನು ನೋಡಿ ವೈರ್‌ಲೆಸ್ಸಿಗೆ ಕೈ ಹಾಕಿದ. ಅತಿಥಿಗಳು ಎಷ್ಟು ಜನ ಎಂದು ಕೇಳಿದ. ಗೊಂಬೆಗಳನ್ನೂ ಸೇರಿಸಿ ಹೇಳಬೇಕೆಂದು ಕಮಲವ್ವ ವಾದಿಸಿದರು. ಇನ್ನೇನು ಎಲ್ಲ ಮುಗಿಯಿತು, ಅಂಬಾರಿ ಬಾಗಿಲಲ್ಲೇ ಕುಸಿಯಿತು ಎಂದು ತಿರುಮಲೇಶ ಕಣ್ಣು ಮುಚ್ಚಿಕೊಳ್ಳುವಷ್ಟರಲ್ಲಿ ಒಳಗಿನಿಂದ ಒಬ್ಬ ತರುಣ ಬರಿಗಾಲಿನಲ್ಲಿ ಓಡಿಬಂದ. ಪರೀಕ್ಷೆ ಮಾಡಬೇಕಾದ ಇಂಜಿನಿಯರು ಲೋಹಿತ್ ಇವನೇ. ಇಲ್ಲೇ ಹುಟ್ಟಿದವನು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಚಿಲ್ಲರೆ.

“ಹ್ಯೂಸ್ಟನ್ ಅಜ್ಜಿ ಕಾಲ್ ಮಾಡಿದ್ರು,” ಎಂದ. “ಶೂಸ್ ಆಫ್. ಎವೆರಿಥಿಂಗ್ ರೆಡಿ. ಪ್ಲೀಸ್, ಬಲಗಾಲು ಫಸ್ಟ್.”

ಅವನು ವಕುಳಮ್ಮನ ಮೊಮ್ಮಗ. ಬೆಳಗಾಗುವುದರೊಳಗೆ ಗುಂಪಿನ ಆಜ್ಞೆ ಮೆನ್ಲೋ ಪಾರ್ಕಿನ ಗೇಟು ದಾಟಿ ಒಳಗೆ ಹೋಗಿಯಾಗಿತ್ತು. ಮೈಥಿಲಿ ಸಂತೋಷ ತಡೆಯಲಾರದೆ ಸೆಕ್ಯುರಿಟಿಯವನ ಕೈ ಕುಲುಕಿದಳು.

ಪರೀಕ್ಷೆಯ ಕೋಣೆ ವಿಚಿತ್ರವಾಗಿತ್ತು. ನೆಲ, ಗೋಡೆ, ಸೂರು ಎಲ್ಲ ಕಡೆಯೂ ಅಲೆಗಳನ್ನೂ ಸದ್ದನ್ನೂ ಹೀರಿಬಿಡುವ ಕಡುನೀಲಿ ಫೋಮಿನ ಮುಳ್ಳುಗಳು, ಹಲಸಿನ ಹಣ್ಣನ್ನು ಒಳಗಿನಿಂದ ಹೊರಗೆ ತಿರುಗಿಸಿದ ಹಾಗೆ. ಒಳಗೆ ಹೋದರೆ ತನ್ನ ಮಾತು ತನಗೇ ಅಪರಿಚಿತ. ಇಂಥ ಗರ್ಭಗುಡಿ ತಾವು ಕಂಡಿಲ್ಲವೆಂದು ಅಲಮೇಲಮ್ಮ ಮೆಚ್ಚಿಕೊಂಡರು, ದೀಪ ಹೊರಗೇ ಇರಲಿ ಎಂದು ಒಪ್ಪಿಕೊಂಡರು. ಲೋಹಿತನ ಮೇಲಧಿಕಾರಿ, ಬೆಳ್ಳಗಿನ ಎತ್ತರದ ಹೆಂಗಸು, ನಗು ಎಂಬುದನ್ನು ಯಾವುದೋ ಬ್ಯಾಂಕಿನಲ್ಲಿ ಇಟ್ಟು ಬಂದವಳು, ಗಾಜಿನ ಹಿಂದೆ ಕೈಕಟ್ಟಿ ನಿಂತಿದ್ದಳು. ಆಂಟೆನಾಕ್ಕೆ ತಂತಿ ಜೋಡಿಸಬೇಕಾಗಿತ್ತು. ತಿರುಮಲೇಶ ಬಾಲದಂಥ ಅದರ ಪುಟ್ಟ ತುದಿಯನ್ನು ಚಿಮಟದಲ್ಲಿ ಹಿಡಿದು ತಂತಿಯ ಕಡೆ ಎಳೆಯಹೋದ.

“ತಂತಿ ಅದರ ಹತ್ರ ಬರ್ಲಿ,” ಎಂದರು ಅಲಮೇಲಮ್ಮ. “ಅದು ತಂತಿ ಹತ್ರ ಹೋಗೋದು ಬೇಡ.”

ಲೋಹಿತ್ ಮಂಡಿಯೂರಿ ತಂತಿಯನ್ನು ದೇವರ ಬಳಿಗೆ ತಂದ. ಬಾಗಿಲು ಮುಚ್ಚಿದರು. ಹೊರಗೆ ಪರದೆಯ ಮೇಲೆ ಒಂದು ಹಸಿರು ಗೆರೆ ಮೂಡಿತು. ಸರಿಯಾದ ಜಾಗದಲ್ಲಿ ಆ ಗೆರೆ ಬಾವಿಯ ಹಾಗೆ ಕೆಳಕ್ಕೆ ಇಳಿದರೆ ಆಂಟೆನಾ ಬದುಕಿದೆ ಎಂದರ್ಥ. ಇಳಿಯದಿದ್ದರೆ ತಿರುಮಲೇಶ ಇಳಿದ ಎಂದರ್ಥ.

ಗೆರೆ ನೆಟ್ಟಗೆ ಬಂತು. ಇನ್ನೂ ನೆಟ್ಟಗೆ ಬಂತು. ತಿರುಮಲೇಶನಿಗೆ ಮನೆಯ ಕಂತು, ಆಫೀಸಿನ ಬೀಗ, ಊರಿನವರ ವೈಫೈ ಡಬ್ಬಿಗಳು ಎಲ್ಲ ಸಾಲಾಗಿ ಕಾಣಿಸಿದವು. ಆಮೇಲೆ ಆ ಗೆರೆ, ಯಾರೋ ಹಿಂದಿನಿಂದ ನೂಕಿದ ಹಾಗೆ, ಧುಮುಕಿತು. ಅಂಥಿಂಥ ಬಾವಿಯಲ್ಲ, ಪಾತಾಳ. ಇರಬೇಕಾದ ಜಾಗದಿಂದ ಕೂದಲೆಳೆಯಷ್ಟೂ ಕದಲಿರಲಿಲ್ಲ. ಲೋಹಿತ್ ಎರಡನೇ ಸಲ ನೋಡಿದ, ಮೂರನೇ ಸಲ ನೋಡಿದ. ಬಾವಿ ಅಲ್ಲೇ ಇತ್ತು.

ಮೇಲಧಿಕಾರಿ ನಿಧಾನವಾಗಿ ಮುಂದೆ ಬಂದು ಆ ಚೊಂಬಿನಲ್ಲಿ ಏನಿದೆ ಎಂದು ಕೇಳಿದಳು. ನೀರು ಎಂದ ತಿರುಮಲೇಶ. ಚೊಂಬು ತಾಮ್ರವೇ ಎಂದು ಕೇಳಿದಳು. ತಾಮ್ರವೇ ಎಂದ. ಮನುಷ್ಯನ ಮೈಯೂ ಒಂದು ಕೊಡ ನೀರೇ, ಕೆಲವರ ಎದೆಯಲ್ಲಿ ಲೋಹದ ತುಂಡೂ ಇರುತ್ತದೆ, ಇಲ್ಲಿಗೆ ಬಂದ ಆಂಟೆನಾಗಳೆಲ್ಲ ಫೋಮಿನ ಮೇಲೆ ಹಾಡುತ್ತವೆ, ರೋಗಿಯ ಎದೆಯ ಮೇಲೆ ಮೂಕವಾಗುತ್ತವೆ, ಇಷ್ಟು ಕಷ್ಟದ ಪರೀಕ್ಷೆಯನ್ನು ತಾವಾಗಿ ಹೊತ್ತು ತಂದವರು ನೀವೇ ಮೊದಲಿಗರು, ಇದನ್ನು ಯೋಚಿಸಿದವರು ಯಾರು ಎಂದು ಕೇಳಿದಳು.

ತಿರುಮಲೇಶ ಎದೆಯುಬ್ಬಿಸಿದ. ಬೇಕೆಂದೇ ತಂದದ್ದು, ನನ್ನದೇ ಯೋಚನೆ ಎಂದ. ಮೈಥಿಲಿಗೆ ಆ ಪ್ರತಿಧ್ವನಿಯಿಲ್ಲದ ಕೋಣೆಯ ಬಾಗಿಲಲ್ಲಿ ಭಯಂಕರ ಕೆಮ್ಮು ಬಂತು.

ಆಂಟೆನಾ ಒಪ್ಪಿಗೆಯಾಯಿತು ಎಂದಳು ಮೇಲಧಿಕಾರಿ. ಅಷ್ಟೇ ಅಲ್ಲ, ಇನ್ನು ಮುಂದೆ ಯಾವ ದೇಶದಿಂದ ಯಾರು ಆಂಟೆನಾ ತಂದರೂ ಇಂಥದೇ ಚೊಂಬಿನ ಪಕ್ಕದಲ್ಲಿಟ್ಟೇ ಪರೀಕ್ಷೆ ಎಂದಳು. ಇದರ ಅಳತೆ ಬೇಕು. ನೀರು ಎಲ್ಲಿಯವರೆಗೆ, ಕುತ್ತಿಗೆ ಎಷ್ಟು ಅಗಲ, ಎಲೆ ಎಷ್ಟು, ಮೇಲಿನ ತೆಂಗಿನಕಾಯಿಗೆ ಜುಟ್ಟು ಇರಬೇಕೋ ಬೇಡವೋ.

ಯೋಚನೆ ತನ್ನದೇ ಎಂದಿದ್ದ ತಿರುಮಲೇಶ ಬಗ್ಗಿ ಎಲೆ ಎಣಿಸತೊಡಗಿದ.

ಲೋಹಿತ್ ಎಲೆಯ ಕಡೆ ಬೆರಳು ತೋರಿಸಿ ಅಲಮೇಲಮ್ಮನ ಮುಖ ನೋಡಿದ. ಲೋಹಿತನನ್ನು ನೋಡಿ ಮೇಲಧಿಕಾರಿಯೂ ಅವರ ಮುಖ ನೋಡಿದಳು. ಅಲಮೇಲಮ್ಮ ತಾವೊಬ್ಬರೇ ಹೇಳುವುದು ಸರಿಯಲ್ಲವೆಂದು ಫೋನು ತೆಗೆದರು. ಮೈಸೂರು ಮಲಗಿತ್ತು, ಎದ್ದಿತು. ಜುಟ್ಟು ಇರಲೇಬೇಕು ಎಂದು ಹೇಳಿ ಮತ್ತೆ ಮಲಗಿತು. ಅದನ್ನು ಲೋಹಿತ್ ಇಂಗ್ಲಿಷಿಗೆ ತಿರುಗಿಸಿದ, ಮೇಲಧಿಕಾರಿ ಕಂಪ್ಯೂಟರಿಗೆ ಹಾಕಿದಳು. ಅಲ್ಲಿಗೆ ಅದು ನಿಯಮವಾಯಿತು. ಮೈಥಿಲಿ ಗೋಡೆಗೆ ಒರಗಿ ಕಣ್ಣೊರೆಸಿಕೊಂಡಳು. ಅಂಥ ಸುಖ ಸಂಶೋಧಕರಿಗೆ ಜನ್ಮಕ್ಕೊಂದು ಸಲ.

ಚೊಂಬನ್ನೂ ಆಂಟೆನಾವನ್ನೂ ಒಂದು ವಾರ ನಮ್ಮಲ್ಲೇ ಬಿಟ್ಟುಹೋಗಿ ಎಂದು ಕೇಳಿದರು. ಸಾಯಂಕಾಲದ ಆರತಿಯಾಗಲಿ, ಆಮೇಲೆ ಅಳಿಯಂದಿರು ತಂದುಕೊಡುತ್ತಾರೆ ಎಂದು ಅಲಮೇಲಮ್ಮ ಮೇಲಧಿಕಾರಿಯ ಹಣೆಗೆ ಕುಂಕುಮ ಇಟ್ಟು, ಉಡಿಗೆ ತೆಂಗಿನಕಾಯಿ ಹಾಕಿ ಹೊರಟರು. ಆ ಹೆಂಗಸು ಬ್ಯಾಂಕಿನಿಂದ ನಗು ಬಿಡಿಸಿಕೊಂಡು ಬಂದು ಬಾಗಿಲವರೆಗೆ ಕಳಿಸಿಕೊಟ್ಟಳು.

ಸಾಯಂಕಾಲ ಆರತಿಗೆ ಎವರ್‌ಗ್ರೀನಿಗೆ ಎವರ್‌ಗ್ರೀನೇ ಬಂದು ತುಂಬಿಕೊಂಡಿತು. ತಿರುಮಲೇಶ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಹೇಳಬೇಕಾದ ಮಾತುಗಳನ್ನು ಕನ್ನಡಿಯ ಮುಂದೆ ಹೇಳಿ ನೋಡಿಕೊಂಡು, ಬಾಗಿಲಲ್ಲೇ ನಿಂತ. ಬಂದವರು ಅವನ ಪಕ್ಕದಿಂದ ನದಿಯ ಹಾಗೆ ಹರಿದು ಒಳಗೆ ಹೋದರು. ಒಳಗೆ ಕಮಲವ್ವ ಕಥೆ ಶುರುಮಾಡಿದ್ದರು. ಅವರ ಬಾಯಲ್ಲಿ ಫ್ರೀವೇ ಎರಡಾಗಿ ಸೀಳಿ ದಾರಿ ಬಿಟ್ಟಿತ್ತು, ಸೆಕ್ಯುರಿಟಿಯವನು ಸಾಷ್ಟಾಂಗ ಬಿದ್ದಿದ್ದ, ಅಲಮೇಲಮ್ಮನವರ ಕೊಡ ಅಮೆರಿಕದ ಪರೀಕ್ಷೆಯಲ್ಲಿ ಮೊದಲನೇ ನಂಬರಿನಲ್ಲಿ ಪಾಸಾಗಿತ್ತು. ಹೆಂಗಸರು ಸಾಲಾಗಿ ನಿಂತು ಕಲಶಕ್ಕೆ ಕೈಮುಗಿದರು. ಕಲಶ ಎಲ್ಲಿ ತಂದದ್ದು, ಅಂಥದ್ದು ಸನಿವೇಲಿನ ಅಂಗಡಿಗಳಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿದರು.

ಅಲಮೇಲಮ್ಮನಿಗೆ ಅಳಿಯನ ಮುಖ ಕಂಡಿತು. ನ್ಯಾಯವಂತರು. ಬಂದವರನ್ನೆಲ್ಲ ಸುಮ್ಮನಾಗಿಸಿದರು.

“ನಾನೊಬ್ಳೇ ಅಲ್ಲ. ನಮ್ಮ ಅಳಿಯಂದ್ರೂ ಜೊತೇಲಿ ಬಂದಿದ್ರು.”

ಎಲ್ಲರೂ ತಿರುಗಿ ತಿರುಮಲೇಶನನ್ನು ನೋಡಿದರು. ಅವನು ಗಂಟಲು ಸರಿಮಾಡಿಕೊಂಡ.

“ಹೌದಾ?” ಎಂದರು ಎದುರು ಮನೆಯಾಕೆ, ಮೆಚ್ಚುಗೆಯಿಂದ. “ನೀರು ತುಳುಕದ ಹಾಗೆ ಡ್ರೈವ್ ಮಾಡಿದ್ದು ಇವ್ರೇನಾ?”